ಸಿಪ್ಪೆಯ ಪರವಾಗಿ ಎರಡು ಮಾತು

ನಮ್ಮ ಮನೆಯಲ್ಲಿ ಹೀರೇಕಾಯಿ ತಂದ ದಿನ ಸಿಪ್ಪೆ ಖರ್ಚಾಗುತ್ತದೆ, ತಿರುಳು ಉಳಿಯುತ್ತದೆ. ಉಳಿದ ತಿರುಳನ್ನು ಏನು ಮಾಡುವುದೆಂದು ಅಮ್ಮ ಸೊಂಟದ ಮೇಲೆ ಕೈಯಿಟ್ಟು ಯೋಚಿಸುತ್ತಾಳೆ. ಕೊನೆಗೆ ಅದು ಪಲ್ಯವಾಗಿ ನನ್ನ ತಟ್ಟೆಗೇ ಬಂದು ಬೀಳುತ್ತದೆ. ಪ್ರತಿಭಟಿಸುವ ಹಕ್ಕನ್ನು ವಿಪರೀತ ಬಳಸಿ ಸವೆಸಿಕೊಂಡವಳು ಮನೆಯಲ್ಲಿ ನಾನೊಬ್ಬಳೇ.

ಪರಿಸ್ಥಿತಿ ಹೀಗೆ ತಲೆಕೆಳಗಾದದ್ದು ಹೇಗೆಂದು ಹೇಳುವ ಮೊದಲು ನನ್ನ ಪಕ್ಷ ಯಾವುದೆಂದು ಹೇಳಿಬಿಡುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಪಕ್ಷ ಹೇಳದೆ ಬಾಯಿ ತೆರೆಯಲು ಬರುವುದಿಲ್ಲ. ಮಿತವ್ಯಯ ಒಂದು ಸದ್ಗುಣವೆಂದು ನಾನು ಒಪ್ಪುವವಳಲ್ಲ. ಇಲ್ಲದವರು ತಮ್ಮ ಇಲ್ಲದಿರುವಿಕೆಗೆ ಇಟ್ಟುಕೊಂಡ ಮರ್ಯಾದೆಯ ಹೆಸರು ಅದು. ಇರುವವರು ಅದನ್ನು ಹೊಗಳುವುದು, ಇಲ್ಲದವರು ಅಷ್ಟಕ್ಕೇ ತೃಪ್ತರಾಗಿರಲಿ ಎಂದು. ಕಾಲೇಜಿನಲ್ಲಿ ‘ಮಿತವ್ಯಯವೇ ಗೃಹಿಣಿಯ ಭೂಷಣ’ ಎಂಬ ವಿಷಯ ಬಂದಾಗ ವಿರೋಧವಾಗಿ ನಿಂತು ಇದನ್ನೇ ಹೇಳಿದೆ. ತೀರ್ಪುಗಾರರಲ್ಲಿ ಗೃಹಿಣಿಯರೂ ಇದ್ದರು. ಅವರು ಯಾರೂ ಈ ಭೂಷಣವನ್ನು ತೊಟ್ಟು ಬಂದಂತೆ ಕಾಣಲಿಲ್ಲ. ಬಹುಮಾನದ ಕಪ್ಪು ನನಗೇ ಬಂತು. ಪೀಣ್ಯದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದೆ. ಅಮ್ಮ ಮುಚ್ಚಳ ತೆಗೆದು, ಒಳಗೆ ಕೈ ಆಡಿಸಿ ನೋಡಿ, ಬಾಯಿ ಅಗಲವಾಗಿದೆ ಎಂದು ಮೆಚ್ಚಿಕೊಂಡಳು. ಅಂದಿನಿಂದ ಅದರಲ್ಲಿ ಒಣಮೆಣಸಿನಕಾಯಿ ಇದೆ. ಮಿತವ್ಯಯದ ವಿರುದ್ಧ ಗೆದ್ದದ್ದು ಮಿತವ್ಯಯಕ್ಕೇ ಜಮೆಯಾಯಿತು.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುವ ಟರ್ನರ್. ನಾವಿರುವುದು ಅಲ್ಲಿಗೆ ನಡೆದು ಹೋಗುವಷ್ಟು ದೂರದ ಹಳ್ಳಿಯ ವಠಾರದಲ್ಲಿ. ಹಳ್ಳಿ ಎಂದರೆ ಸುತ್ತ ಶೆಡ್ಡುಗಳು ಎದ್ದು ನಿಂತರೂ ನಡುವೆ ರಾಗಿಹೊಲ ಇನ್ನೂ ಹಟ ಬಿಡದ ಜಾಗ. ಹೋದ ವರ್ಷ ಕಾರ್ಖಾನೆಗೆ ಕೆಲಸ ಬರುವುದು ಕಡಿಮೆಯಾಗಿ ಓಟಿ ನಿಂತಿತು. ಓಟಿ ಎಂದರೆ ಹೆಚ್ಚುವರಿ ಗಂಟೆಗಳ ಕೂಲಿ ಎಂದು ಕಾರ್ಖಾನೆಯವರು ತಿಳಿದಿದ್ದಾರೆ. ನಮ್ಮಂಥ ಮನೆಗಳಲ್ಲಿ ಅದಕ್ಕೆ ತರಕಾರಿ ಎಂದು ಅರ್ಥ. ಸಂಬಳವು ಬಾಡಿಗೆ, ರೇಷನ್, ಸೀಮೆಣ್ಣೆ, ನನ್ನ ಬಸ್ ಪಾಸು ಎಂದು ಕೈಬಿಟ್ಟು ಹೋಗುತ್ತದೆ. ಬೀನ್ಸು, ಕ್ಯಾರೆಟ್ಟು, ಭಾನುವಾರದ ತೆಂಗಿನಕಾಯಿ ಎಲ್ಲ ಓಟಿಯ ಮಕ್ಕಳು.

ಅಮ್ಮ ಗೋಳಾಡಲಿಲ್ಲ. ಅಂಗಡಿಯ ಸಾರಿನ ಪುಡಿ ನಿಂತು ಮನೆಯಲ್ಲೇ ಹುರಿದು ಕುಟ್ಟುವುದು ಶುರುವಾಯಿತು. ಹೊಲದ ಬದುವಿನಲ್ಲಿ ಆಯ್ದ ಬೆರಕೆ ಸೊಪ್ಪು, ಒಂದು ಹಿಡಿ ಹುರುಳಿಕಾಳು ಸೇರಿ ದಿನ ಬಿಟ್ಟು ದಿನ ಬಸ್ಸಾರು. ಬಸ್ಸಾರಿನ ಬಗ್ಗೆ ನನಗೆ ತಾರ್ಕಿಕವಾದ ಒಂದು ಆಕ್ಷೇಪವಿದೆ. ಸೊಪ್ಪು ಕಾಳು ಬೇಯಿಸುತ್ತಾರೆ. ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು ಎನ್ನುತ್ತಾರೆ. ಪಾತ್ರೆಯಲ್ಲಿ ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಎನ್ನುತ್ತಾರೆ. ಆಮೇಲೆ ಎರಡನ್ನೂ ಒಂದೇ ಮುದ್ದೆಯ ಜೊತೆ ಒಂದೇ ಹೊಟ್ಟೆಗೆ ಸೇರಿಸುತ್ತಾರೆ. ಒಬ್ಬನೇ ಸಾಕ್ಷಿಗೆ ಅಂಗಿ ಬದಲಿಸಿ ಎರಡು ಸಲ ಕಟಕಟೆ ಹತ್ತಿಸಿದ ಹಾಗೆ. ಯಾವ ನ್ಯಾಯಾಲಯ ಒಪ್ಪುತ್ತದೆ? ಹೊಟ್ಟೆ ಒಪ್ಪುತ್ತದೆ. ತರ್ಕಶಾಸ್ತ್ರದ ಗಾಳಿ ಅದಕ್ಕೆ ಸೋಕಿಲ್ಲ.

ಈ ಹೊಸ ಆಡಳಿತದಿಂದ ಮೊದಲು ಪೆಟ್ಟು ತಿಂದದ್ದು ನಾವಲ್ಲ, ಒಂದು ಹಸು. ವಠಾರದ ಒಡತಿ ಅಕ್ಕಯ್ಯಮ್ಮನವರದು ಒಂದು ಅಲಿಖಿತ ಕಾನೂನು. ಬಾಡಿಗೆ ಮನೆಗಳ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಎಲ್ಲ ಕಲಗಚ್ಚಾಗಿ ಬಾಗಿಲ ಪಕ್ಕದ ಬಕೆಟ್ಟಿಗೆ ಬೀಳಬೇಕು. ಸಂಜೆ ಅದು ಅವರ ಹಸುವಿನ ಪಾಲು. ಪ್ರತಿಯಾಗಿ ಮಜ್ಜಿಗೆ, ಕೊಟ್ಟಿಗೆಯ ಮೇಲೆ ಹಬ್ಬಿದ ಬಳ್ಳಿಯ ಹೀರೇಕಾಯಿ, ಕೇಳಿದಾಗ ಕರಿಬೇವು. ಓಟಿ ನಿಂತ ಮೇಲೆ ಅಮ್ಮ ಅಕ್ಕಿ ತೊಳೆದ ನೀರನ್ನು ಸಾರಿಗೆ ಬಳಸತೊಡಗಿದಳು, ಸೊಪ್ಪಿನ ದಂಟನ್ನೂ ಬಿಡಲಿಲ್ಲ. ಒಂದು ಸಂಜೆ ಅಕ್ಕಯ್ಯಮ್ಮ ಬಕೆಟ್ಟು ಎತ್ತಿ ಅಲ್ಲಾಡಿಸಿ ನೋಡಿದರು.

“ಏನವ್ವಾ, ಇದ್ರಾಗೆ ಬರೀ ನೀರೇ ಐತೆ. ನಿಮ್ಮನೇಲಿ ಉಪವಾಸ ಮಾಡ್ಕೊಳ್ಳಿ, ನಮ್ಮ ಅಸೀಗ್ಯಾಕೆ ಇಂಗೆ ಏಕಾದಶಿ?”

ನಾನು ಒಪ್ಪಂದ ಎಂದರೇನು, ಅದು ಬರಹದಲ್ಲಿದೆಯೇ ಎಂದು ಶುರು ಮಾಡುವಷ್ಟರಲ್ಲಿ ಅಮ್ಮ ಕಣ್ಣಲ್ಲೇ ನನ್ನನ್ನು ಒಳಗೆ ಕಳಿಸಿದಳು.

ಇಷ್ಟು ಹಾಸ್ಯ. ನಿಜವಾದ ಕಷ್ಟ ಅಪ್ಪನ ಊಟದ ಕ್ಯಾರಿಯರ್‌ನಲ್ಲಿತ್ತು.

ಅಪ್ಪನ ಸೆಕ್ಷನ್ನಿನವರು ಮಧ್ಯಾಹ್ನ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಜೋಡಿಸಿದ ಮೇಜಿನ ಸುತ್ತ ಕೂರುತ್ತಾರೆ. ಎಲ್ಲರ ಡಬ್ಬಿಗಳೂ ನಡುವೆ ತೆರೆದುಕೊಳ್ಳಬೇಕು. ಯಾರು ಯಾರದ್ದಕ್ಕಾದರೂ ಕೈ ಹಾಕಬಹುದು, ಕೇಳುವಂತಿಲ್ಲ. ಹಾಗಾಗಿ ಅಪ್ಪನ ಕ್ಯಾರಿಯರ್ ಸಂಜೆ ಮನೆಗೆ ಬರುವಾಗ ಬೇರೆ ಬೇರೆ ಮನೆಗಳ ಗುರುತು ಮೆತ್ತಿಕೊಂಡು ಬರುತ್ತಿತ್ತು. ಅಮ್ಮ ತೊಳೆಯುವ ಮೊದಲು ಅದನ್ನು ದಿನಪತ್ರಿಕೆಯಂತೆ ಓದುತ್ತಿದ್ದಳು: ಈ ಹಳದಿ ಯಾರದೋ ಮಜ್ಜಿಗೆಹುಳಿ, ಈ ಎಣ್ಣೆ ಸುಬ್ಬಣ್ಣನವರ ಮನೆಯ ಬದನೆಕಾಯಿ, ಆಕೆಗೆ ಎಣ್ಣೆಯ ಮೇಲೆ ಕೈ ಬಿಗಿಯಿಲ್ಲ. ಸುಬ್ಬಣ್ಣ ಎಂದರೆ ಸೆಕ್ಷನ್ನಿಗೆ ಹಿರಿಯರು, ಮೇಜಿನ ಯಜಮಾನಿಕೆ ಅವರದು. ಅವರ ಹೆಂಡತಿಯನ್ನು ಅಮ್ಮ ಕಂಡವಳಲ್ಲ. ಆದರೆ ಆಕೆಯ ಒಗ್ಗರಣೆಯ ಸ್ವಭಾವ ಬಲ್ಲಳು.

ಒಂದು ಸಂಜೆ ಅಮ್ಮ ಡಬ್ಬಿಯನ್ನು ತೊಳೆಯದೆ ಹಿಡಿದು ಕೂತಿದ್ದಳು. ಒಳಗೆ ನಮ್ಮ ಸಾರಿನ ಗುರುತು ಬಿಟ್ಟು ಬೇರೇನೂ ಇರಲಿಲ್ಲ. ಮರುದಿನವೂ ಹಾಗೇ. ಅದರ ಮರುದಿನವೂ. ಅಪ್ಪ ಒಬ್ಬರೇ ಊಟ ಮಾಡುತ್ತಿದ್ದಾರೆಂದು ಅವಳಿಗೆ ಹೇಳಬೇಕಾಗಲಿಲ್ಲ. ಕೇಳಿದ್ದಕ್ಕೆ ಅಪ್ಪ, ಕೆಲಸ ಜಾಸ್ತಿ, ಮೆಷಿನ್ ಪಕ್ಕದಲ್ಲೇ ತಿಂದುಬಿಡುತ್ತೇನೆ ಎಂದರು. ನನ್ನೊಳಗಿನ ವಾಗ್ಮಿ ಎದ್ದು ನಿಂತಳು. “ಕೆಲಸ ಇಲ್ಲಾಂತ ತಾನೇ ಅಪ್ಪ ಓಟಿ ನಿಲ್ಲಿಸಿದ್ದು? ಊಟಕ್ಕೂ ಪುರುಸೊತ್ತಿಲ್ಲದಷ್ಟು ಕೆಲಸ ಎಲ್ಲಿಂದ ಬಂತು?”

ಒಳ್ಳೆಯ ಪ್ರಶ್ನೆ. ಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅಪ್ಪ ತಟ್ಟೆಯಲ್ಲಿದ್ದ ಮುದ್ದೆಯನ್ನು ನಿಧಾನವಾಗಿ ಮುರಿಯುತ್ತಾ ಕೂತರು. ದಿನಾ ಸೊಪ್ಪಿನ ಸಾರು ಮೇಜಿನ ನಡುವೆ ಇಟ್ಟು, ಪಕ್ಕದವರ ಹುಳಿಗೆ ಕೈ ಹಾಕುವುದು ಅವರಿಂದ ಆಗಿರಲಿಲ್ಲ. ಆ ಮೇಜಿನಲ್ಲಿ ಅವರು ಹದಿನೈದು ಇಪ್ಪತ್ತು ವರ್ಷ ಕೂತವರು. ಯಾರೂ ಎಬ್ಬಿಸಿರಲಿಲ್ಲ, ತಾವೇ ಎದ್ದು ಬಂದಿದ್ದರು. ತಾನೇ ಎದ್ದು ಬಂದವನನ್ನು ಮತ್ತೆ ಕೂರಿಸುವುದು ಹೇಗೆ? ಬಾ ಎಂದು ಕರೆದರೆ ಅದು ಕನಿಕರವಾಗುತ್ತದೆ, ಕರೆಯದಿದ್ದರೆ ಅವನು ಅಲ್ಲೇ ಒಣಗುತ್ತಾನೆ. ನನ್ನ ತರ್ಕ ಇಲ್ಲಿ ಎರಡೂ ಕಡೆ ಗೋಡೆಗೆ ಬಡಿಯಿತು.

ಆ ವಾರ ಅಕ್ಕಯ್ಯಮ್ಮ ಗೊಣಗುತ್ತಲೇ ಹೀರೇಕಾಯಿ ಕೊಟ್ಟರು. ತಿರುಳು ಹುಳಿಗೆ ಹೋಯಿತು. ಸಿಪ್ಪೆ ಕಾನೂನಿನ ಪ್ರಕಾರ ಹಸುವಿನದು. ಅಮ್ಮ ಕಾನೂನು ಮುರಿದಳು. ಸಿಪ್ಪೆಯನ್ನು ಚೂರೇ ಎಣ್ಣೆಯಲ್ಲಿ ಗರಿಯಾಗುವವರೆಗೆ ಹುರಿದು, ನನ್ನ ಕಪ್ಪಿನಿಂದ ಮೆಣಸಿನಕಾಯಿ ತೆಗೆದು, ಎಳ್ಳು, ಹುಣಸೇಹಣ್ಣು, ಚೂರು ಬೆಲ್ಲದ ಜೊತೆ ಒರಳಲ್ಲಿ ತರಿತರಿಯಾಗಿ ರುಬ್ಬಿ, ಇಂಗಿನ ಒಗ್ಗರಣೆ ಕೊಟ್ಟು, ಕ್ಯಾರಿಯರಿನ ಮೇಲಿನ ಡಬ್ಬಿಗೆ ಹಾಕಿದಳು. ವಠಾರಕ್ಕೆಲ್ಲ ವಾಸನೆ ಹೋಯಿತು. ಕಾರ್ಖಾನೆಗೂ ಹೋಯಿತೆಂದು ಸಂಜೆ ತಿಳಿಯಿತು. ಸುಬ್ಬಣ್ಣ ಕೈ ತೊಳೆಯಲು ಹೋಗುವವರು ಅಪ್ಪನ ಮೆಷಿನ್ ಹತ್ತಿರ ನಿಂತು, ಹೇಳದೆ ಕೇಳದೆ ಬೆರಳಲ್ಲಿ ತೆಗೆದು ನೆಕ್ಕಿ, ಏನಿದು ಎಂದರಂತೆ. ಅಪ್ಪ ಹೀರೇಕಾಯಿ ಚಟ್ನಿ ಎಂದರಂತೆ. ಸಿಪ್ಪೆ ಎಂಬ ಪದ ಅವರ ಬಾಯಿಂದ ಹೊರಡಲಿಲ್ಲ.

ಎರಡು ದಿನ ಕಳೆದು ಅಪ್ಪ ಮನೆಗೆ ಬಂದವರು ಕ್ಯಾರಿಯರ್ ಜೊತೆ ಒಂದು ಪೇಪರಿನ ಪೊಟ್ಟಣ ಇಳಿಸಿದರು. ಬಿಚ್ಚಿದರೆ ಹೀರೇಕಾಯಿ ಸಿಪ್ಪೆ. ಸುಬ್ಬಣ್ಣ ಕೊಟ್ಟದ್ದು. “ನಮ್ಮನೇಲಿ ಇದನ್ನ ಬಿಸಾಕ್ತಾರೆ ಕಣ್ರೀ, ನಿಮ್ಮನೇಲಿ ಚಟ್ನಿ ಮಾಡಿಸ್ಕೊಂಡು ಬನ್ನಿ” ಎಂದಿದ್ದರಂತೆ. ಎಲ್ಲರ ಎದುರಿಗೆ. ಅಪ್ಪ ಅಷ್ಟು ಹೇಳಿ ಗೋಡೆಗೆ ಒರಗಿ ಕೂತರು. ನಾಳೆಯಿಂದ ಡಬ್ಬಿಯೇ ಬೇಡ ಎಂದರು.

ನನಗೆ ಸಂದೇಹವೇ ಇರಲಿಲ್ಲ. ಇದು ಅವಮಾನ, ಕಸ ತಿನ್ನುವವರಿಗೆ ಕಸ ಕಳಿಸಿದ್ದಾರೆ, ಹಾಗೇ ವಾಪಸು ಕಳಿಸಬೇಕು, ಜೊತೆಗೆ ನಾನು ನಾಲ್ಕು ಸಾಲು ಬರೆದು ಕೊಡುತ್ತೇನೆ ಎಂದೆಲ್ಲ ವಾದಿಸಿದೆ. ನನ್ನ ದನಿ ಏರಿತ್ತು. ಅಮ್ಮ ಕೇಳಿಸಿಕೊಳ್ಳುತ್ತಿದ್ದಂತೆ ಕಾಣಲಿಲ್ಲ. ದೀಪದ ಕೆಳಗೆ ಸಿಪ್ಪೆಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು.

“ಬೆಳಗ್ಗೆ ಹೆರೆದದ್ದು. ತೊಳೆದಿದಾರೆ, ಬಟ್ಟೇಲಿ ಒರೆಸಿ ಒಣಗಿಸಿದಾರೆ. ಬಲಿತದ್ದು ಒಂದೂ ಇಲ್ಲ, ಎಳೇದೇ ಆರಿಸಿದಾರೆ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅವಮಾನ ಮಾಡೋರು ಸಿಪ್ಪೆ ತೊಳೆದು ಒರೆಸಿ ಕಳಿಸ್ತಾರೇನೇ?”

ಅಪ್ಪ ಗೋಡೆ ಬಿಟ್ಟು ಮುಂದಕ್ಕೆ ಬಂದು ತಾವೂ ಒಂದು ಸಿಪ್ಪೆ ಎತ್ತಿ ನೋಡಿದರು.

ಮರುದಿನದ ಚಟ್ನಿಯನ್ನು ಮೆಷಿನ್ ಪಕ್ಕದಲ್ಲಿ ಒಬ್ಬರೇ ಕೂತು ತಿನ್ನುವಂತಿರಲಿಲ್ಲ. ಅದು ಸುಬ್ಬಣ್ಣನವರ ಸಿಪ್ಪೆ, ಅವರ ಪಾಲು; ಮೇಜಿಗೆ ತಲುಪಿಸಲೇಬೇಕು. ತಲುಪಿಸಿದ ಮೇಲೆ ನಿಂತುಕೊಂಡೇ ಇರಲಾಗುತ್ತದೆಯೇ? ಅಂದು ಸಂಜೆ ಡಬ್ಬಿಯ ಅಂಚಿನಲ್ಲಿ ಯಾರದೋ ಮನೆಯ ಕೂಟಿನ ಹಳದಿ ಇತ್ತು, ತಳದಲ್ಲಿ ಧಾರಾಳವಾದ ಬದನೆಕಾಯಿ ಎಣ್ಣೆ. ಅಮ್ಮ ಅದನ್ನು ತೊಳೆಯಲು ಬಹಳ ಹೊತ್ತು ತೆಗೆದುಕೊಂಡಳು.

ಆಮೇಲೆ ಎಲ್ಲರ ಮನೆಯಿಂದಲೂ ಸಿಪ್ಪೆ ಬರತೊಡಗಿತು. ಎಳೆಯದು ಒರಳಿಗೆ, ಬಲಿತದ್ದು ಬಾಗಿಲ ಪಕ್ಕದ ಬಕೆಟ್ಟಿಗೆ. ಅಕ್ಕಯ್ಯಮ್ಮ ಪ್ರಸನ್ನರಾದರು. ಅಪ್ಪ ಫ್ಯಾಕ್ಟರಿಯಿಂದ ತಮ್ಮ ಹಸುವಿಗೂ ಕ್ಯಾರಿಯರ್ ತರುತ್ತಾರೆಂದು ಬೀದಿಗೆಲ್ಲ ಹೇಳಿಕೊಂಡು ಬಂದರು.

ಈಗ ಓಟಿ ಮತ್ತೆ ಬಂದಿದೆ. ಬೀನ್ಸು ಬಂದಿದೆ, ಭಾನುವಾರದ ತೆಂಗಿನಕಾಯಿ ಬಂದಿದೆ. ಮೇಜಿನವರು ಮಾತ್ರ ಸಿಪ್ಪೆಯ ಚಟ್ನಿ ಬಿಡಲೊಲ್ಲರು, ಆದ್ದರಿಂದ ಅಮ್ಮ ಸಿಪ್ಪೆಗಾಗಿ ಹೀರೇಕಾಯಿ ಕೊಳ್ಳುತ್ತಾಳೆ. ನನ್ನ ಪಕ್ಷ ನಾನು ಬಿಟ್ಟಿಲ್ಲ. ಮಿತವ್ಯಯ ಸದ್ಗುಣವಲ್ಲ ಎಂದು ಈಗಲೂ ಯಾವ ವೇದಿಕೆಯಲ್ಲಾದರೂ ಸಾಧಿಸುತ್ತೇನೆ. ಗತಿಯಿಲ್ಲದೆ ತಿಂದದ್ದನ್ನು ಗತಿ ಬಂದ ಮೇಲೂ ಕೇಳಿ ತಿನ್ನುವುದಕ್ಕೆ ಏನು ಹೆಸರೆಂದು ಎದುರಾಳಿ ಕೇಳದಿದ್ದರೆ ಸಾಕು.

ಮೊನ್ನೆ ಊಟಕ್ಕೆ ಕೂತಾಗ ಅಪ್ಪ ಒಂದು ವಿಷಯ ಎತ್ತಿದರು. ಸೆಕ್ಷನ್ನಿಗೆ ಹೊಸದಾಗಿ ಒಬ್ಬರು ವೆಲ್ಡರ್ ಬಂದಿದ್ದಾರೆ. ಇದ್ದ ಕಾರ್ಖಾನೆ ಮುಚ್ಚಿ, ಸುಮಾರು ದಿನ ಮನೆಯಲ್ಲಿದ್ದು ಬಂದವರು, ಅಪ್ಪನದೇ ವಯಸ್ಸು. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಶೆಡ್ಡಿನ ಹಿಂದಕ್ಕೆ ಹೋಗಿಬಿಡುತ್ತಾರಂತೆ.

“ನಾಳೆ ಅವರ ಹತ್ರ ಏನಾದ್ರೂ ಕೇಳ್ಬೇಕಲ್ಲ” ಎಂದರು ಅಪ್ಪ. “ಏನು ಕೇಳ್ಲಿ?”

“ಏನು ತರ್ತಾರೆ?” ಎಂದಳು ಅಮ್ಮ.

“ಮುದ್ದೆ, ಉಪ್ಪುಸಾರು.”

ಅಮ್ಮ ಅಪ್ಪನ ತಟ್ಟೆಗೆ ಸಾರು ಬಡಿಸುತ್ತಾ ಹೇಳಿದಳು: “ಉಪ್ಪುಸಾರಿಗೆ ನಂಚ್ಕೊಳ್ಳೋ ಖಾರ ಒಂಚೂರು ಕೇಳಿ. ನಮ್ಮನೇಲಿ ಯಾಕೋ ಸರಿ ಬರ್ತಿಲ್ಲ, ಅದಕ್ಕೇ ಅನ್ನಿ.”

ಅಮ್ಮ ಅರೆಯುವ ಖಾರಕ್ಕೆ ವಠಾರದವರು ಬಟ್ಟಲು ಹಿಡಿದು ಬರುತ್ತಾರೆ. ಆ ಮಾತು ಅಪ್ಪಟ ಸುಳ್ಳು. ಸುಳ್ಳು ಕಿವಿಗೆ ಬಿದ್ದರೆ ಎದ್ದು ನಿಂತು ಆಕ್ಷೇಪಿಸುವುದು ನನ್ನ ಹಳೆಯ ಚಾಳಿ, ಮತ್ತು ಅವತ್ತು ಇಬ್ಬರೂ ನನ್ನ ಕಡೆಯೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಹೀರೇಕಾಯಿ ತಿರುಳಿನ ಪಲ್ಯ ತಿನ್ನುತ್ತಾ ಕೂತೆ. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿಕೊಂಡೆ.