ಗಾಡಿಗೆ ಹಾಕಿದ ಕುರಿ ಗುರುತು

ಎರಡು ವರ್ಷದ ಹಿಂದಿನ ಮಾತು. ಶೇಂಗಾ ಕಿತ್ತು ಮುಗಿದಿತ್ತು. ನಾನೂ ನಮ್ಮ ಯಜಮಾನರು ಈರಣ್ಣನವರೂ ನಮ್ಮ ಪಿಕಪ್ ಗಾಡಿಯಲ್ಲಿ ಹೊಸದುರ್ಗದ ಕಡೆ ಹೋಗಿದ್ದೆವು. ಅಲ್ಲಿನ ತೆಂಗಿನ ತೋಟದಲ್ಲಿ ನಮ್ಮ ಮಂದೆ ಬೀಡುಬಿಟ್ಟಿತ್ತು. ಕುಂಟುತ್ತಿದ್ದ ಕುರಿಗಳನ್ನು ಗಾಡಿಗೆ ಹಾಕಿಕೊಂಡು ಹೊರಟೆವು.

ನನಗೆ ಮಂಡಿನೋವು. ಗಾಡಿ ಹತ್ತುವಾಗ ಅವರು ಡ್ರೈವರ್ ಸೀಟಿನಲ್ಲಿ ಕೂತಲ್ಲಿಂದಲೇ ಬಾಗಿ ಎಡಗೈ ಚಾಚುತ್ತಿದ್ದರು. ಅದನ್ನು ಹಿಡಿದು ನಾನು ಹತ್ತುತ್ತಿದ್ದೆ. ಅವತ್ತೂ ಹಾಗೇ ಎಳೆದುಕೊಳ್ಳುತ್ತಾ, "ಕುರಿ ಹತ್ತಾಕೆ ಹಲಗೆ ಹಾಕ್ತೀನಲ್ಲ, ನಿಂಗೂ ಒಂದು ಹಾಕ್ಲೇನೆ?" ಎಂದು ರೇಗಿಸಿದರು. ಹರಿಯಬ್ಬೆ ದಾಟಿ ನಮ್ಮೂರ ಹಳ್ಳಕ್ಕೆ ಇಳಿದಾಗ ಎಂದಿನಂತೆ ಗಾಡಿಯ ಹೊಟ್ಟೆ ಬಂಡೆಗೆ ಉಜ್ಜಿತು. ಇದಕ್ಕೊಂದು ದಾರಿ ಮಾಡಬೇಕು ಎಂದರು. ಮನೆಗೆ ಬಂದು ಉಂಡು ಮಲಗಿದೆವು. ನೆನಪಿಡುವಂಥದ್ದೇನೂ ಇಲ್ಲದ ದಿನ.

ಮಾರನೆಯ ಬೆಳಿಗ್ಗೆ ಕುರಿ ಕೂಡುವ ರೊಪ್ಪದಲ್ಲಿ ಎದೆ ಹಿಡಿದುಕೊಂಡು ಕೂತವರು ಮೇಲೇಳಲಿಲ್ಲ. ಅದೇ ಗಾಡಿಯಲ್ಲಿ ಹಿರಿಯೂರಿಗೆ ಒಯ್ದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ತಿಥಿ ಮುಗಿದ ಮೇಲೆ ಅವರ ಫೋನಿಗೆ ಯಾರದೋ ಕರೆ ಬಂತು. ಅಣ್ಣಾರು ಇದ್ದಾರಾ ಎಂದು ಕೇಳಿದ ಗಂಡಸಿಗೆ ವಿಷಯ ಹೇಳಿದೆ. ಆತ, "ತಪ್ಪು ತಿಳ್ಕಬ್ಯಾಡ್ರಿ ಅಕ್ಕ. ಅಣ್ಣಾರ ಹತ್ರ ಮಾತಾಗಿತ್ತು, ಗಾಡಿ ಎತ್ತಬೇಕಿತ್ತು. ಈಗೇನು ಮಾಡಾಣ?" ಎಂದ.

ನಾನು ಫೋನ್ ಕಟ್ ಮಾಡಿದೆ. ನಮ್ಮಲ್ಲಿ ಗಾಡಿ ಎತ್ತುವುದೆಂದರೆ ಒಂದೇ ಅರ್ಥ, ಸಾಲ ಬಾಕಿ ಎಂದು ಹೇಳದೆ ಕೇಳದೆ ಎಳೆದುಕೊಂಡು ಹೋಗುವುದು. ಗಂಡ ಸತ್ತ ಮನೆ ಎಂದು ಗೊತ್ತಾದರೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಉಳಿದಿರುವ ಮಂದೆಗೂ ನನಗೂ ಆ ಗಾಡಿಯೇ ಆಧಾರ. ಅವತ್ತೇ ಊರ ಹುಡುಗನೊಬ್ಬನ ಕೈಲಿ ಅದನ್ನು ರೊಪ್ಪದ ಮುಳ್ಳುಬೇಲಿಯೊಳಗೆ ನಿಲ್ಲಿಸಿ, ಬೀಗದಕೈಯನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡೆ.

ಎರಡು ದಿನ ಬಿಟ್ಟು ಮೈದುನ ಕರಿಯಣ್ಣ ಬಂದ. ಆ ಮನುಷ್ಯ ಹಿರಿಯೂರಿನ ಮೆಕ್ಯಾನಿಕ್ ತಿಪ್ಪೇಸ್ವಾಮಿಯಂತೆ, ಇವನನ್ನೂ ಹುಡುಕಿ ಫೋನ್ ಮಾಡಿದ್ದನಂತೆ. "ಅತ್ತಿಗೆ, ಎತ್ಕಂಡು ಹೋಗದಲ್ಲ, ಎತ್ತರ ಮಾಡದು. ಹಳ್ಳದಾಗೆ ತಳ ಬಡಿತೈತಲ್ಲ, ಅದಕ್ಕೆ ಅಣ್ಣ ಸಾಮಾನು ತರಿಸಿದ್ನಂತೆ" ಎಂದ.

ಹಾಗಿದ್ದರೆ ನನಗೇಕೆ ಹೇಳಲಿಲ್ಲ? ಮೈದುನನೂ ಮೆಕ್ಯಾನಿಕ್ಕೂ ಒಂದಾಗಿದ್ದಾರೆಯೇ ಎಂಬ ಯೋಚನೆಯೂ ಬಂತು. ಆದರೂ ಹಳ್ಳದ ಬಂಡೆ ಸುಳ್ಳಲ್ಲವಲ್ಲ. ಹೋಗೋಣ, ಆದರೆ ನಾನೂ ಬರುತ್ತೇನೆ ಎಂದೆ.

ಹೊರಡುವ ಮುಂಚೆ ಒಂದು ಕೆಲಸ ಮಾಡಿದೆ. ಮಂದೆಗಳು ಬೆರೆತರೆ ನಮ್ಮವು ಗೊತ್ತಾಗಲಿ ಎಂದು ಕುರಿಗಳ ಬೆನ್ನಿಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ, ಎರಡು ಚುಕ್ಕೆ ಹಾಕುತ್ತೇವೆ. ಅದೇ ಬಣ್ಣ ತೆಗೆದುಕೊಂಡು ಬ್ಯಾಟರಿಗೆ, ಸ್ಟೆಪ್ನಿಗೆ, ನಾಲ್ಕೂ ಚಕ್ರಕ್ಕೆ ಗುರುತು ಹಾಕಿದೆ. ಮಂಡಿನೋವಿನಲ್ಲೂ ಗಾಡಿಯ ಕೆಳಗೆ ನುಗ್ಗಿ, ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿಗೂ ಹಾಕಿದೆ. ನನ್ನ ಕಣ್ಣು ತಪ್ಪಿಸಿ ಯಾವುದನ್ನೂ ಬದಲಾಯಿಸಲು ಬಿಡಬಾರದು.

ಹಿರಿಯೂರಿನ ಗ್ಯಾರೇಜಿಗೆ ಕರಿಯಣ್ಣ ಗಾಡಿ ಓಡಿಸಿದ, ಇಳಿದೊಡನೆ ಬೀಗದಕೈಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ. ಅಲ್ಲಿ ತಿಪ್ಪೇಸ್ವಾಮಿ ಎರಡು ಬಗೆ ತೋರಿಸಿದ. ಇರುವ ಪಟ್ಟಿಗೂ ಚಕ್ರದ ಅಚ್ಚಿಗೂ ನಡುವೆ ಕಬ್ಬಿಣದ ದಿಮ್ಮಿ ಕೊಟ್ಟು ಎತ್ತರಿಸುವುದು ಒಂದು. ಹಳೆಯ ಪಟ್ಟಿಗಳನ್ನೇ ತೆಗೆದು, ಹೆಚ್ಚು ಬಾಗಿದ ಹೊಸ ಪಟ್ಟಿ, ಅದಕ್ಕೆ ಹೊಂದುವ ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕುವುದು ಇನ್ನೊಂದು. ಅಣ್ಣಾರು ಎರಡನೆಯದನ್ನೇ ಆರಿಸಿದ್ದರು ಎಂದ. ಹೇಳಲಿಕ್ಕೇನು, ಸತ್ತವರು ಬಂದು ಇಲ್ಲ ಎನ್ನುತ್ತಾರೆಯೇ?

ಎಷ್ಟು ಎತ್ತರ ಹೇಳಿದ್ದರು ಎಂದು ಕೇಳಿದೆ.

"ಎರಡಿಂಚು. ನಾಕು ಮಾಡಾಣ, ನೋಡಾಕೆ ಗತ್ತಾಗಿರ್ತೈತೆ ಅಂದೆ ನಾನು. ಬ್ಯಾಡಪ್ಪ, ತಿರುವಿನಾಗೆ ಒಂದು ಕುರಿ ವಾಲಿದ್ರೆ ಎಲ್ಲಾ ವಾಲ್ತವೆ, ಗಾಡಿ ಮಗುಚ್ತೈತೆ ಅಂದ್ರು."

ಅದು ಅವರದೇ ಮಾತು. ಪ್ರತಿ ತಿರುವಿನಲ್ಲೂ ನನಗೆ ಹೇಳುತ್ತಿದ್ದ ಮಾತು. ಸೆರಗಿನ ಗಂಟು ಬಿಚ್ಚಿ ಬೀಗದಕೈ ಕೊಟ್ಟೆ.

ಕೊಟ್ಟೆನೇ ಹೊರತು ಅಲ್ಲಿಂದ ಏಳಲಿಲ್ಲ. ತಿಪ್ಪೇಸ್ವಾಮಿ ಗಾಡಿಯನ್ನು ಜಾಕಿನ ಮೇಲೆ ನಿಲ್ಲಿಸಿ ಚಕ್ರ ಬಿಚ್ಚಿದ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಕಾದ. ಪಟ್ಟಿಗಳು ಒಂದೊಂದೇ ಹೊರಬಂದಾಗ ಕೆಂಪು ಗೆರೆ, ಚುಕ್ಕೆ ಕಂಡು ನನ್ನ ಕಡೆ ನೋಡಿ, ಮುಂದಿನ ಬೋಲ್ಟಿಗೆ ಕೈ ಹಾಕಿದ. ಊಟಕ್ಕೆ ಕರೆದರೂ ನಾನು ಹೋಗಲಿಲ್ಲ.

ಸಂಜೆ ಕೆಲಸ ಮುಗಿಯಿತು. ಬಿಚ್ಚಿದ ಹಳೆಯ ಸಾಮಾನುಗಳನ್ನೆಲ್ಲ ಒರೆಸಿ, ಗುರುತು ಮೇಲೆ ಮಾಡಿ ಗಾಡಿಯ ಹಿಂದೆ ಸಾಲಾಗಿ ಜೋಡಿಸಿ ತಿಪ್ಪೇಸ್ವಾಮಿ ಕರೆದ.

"ನಿಮ್ಮ ಕುರಿ ಎಲ್ಲಾ ಬಂದಾವೇನು, ಎಣಿಸ್ಕಳ್ರಿ ಅಕ್ಕ."

ಕರಿಯಣ್ಣ ಆ ಕಡೆ ತಿರುಗಿ ನಕ್ಕ. ನನಗೆ ನಾಚಿಕೆಯಾಯಿತು, ನಗುವೂ ಬಂತು. ಅವರು ಹೋದ ಮೇಲೆ ನಕ್ಕಿದ್ದು ಅದೇ ಮೊದಲು.

ಹತ್ತಲು ಹೋದರೆ ಎಡಬಾಗಿಲ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು. ಅದಕ್ಕೆ ನನ್ನ ಗುರುತಿರಲಿಲ್ಲ. ಇದನ್ನು ನಾನು ಕೇಳಿಲ್ಲವಲ್ಲ, ಯಾಕೆ ಹಾಕಿದಿರಿ ಎಂದು ಗಟ್ಟಿಯಾಗಿಯೇ ಕೇಳಿದೆ.

"ಅಣ್ಣಾರು ಹೇಳಿದ್ದು. ಆ ಕಡೆಗೆ ಮಾತ್ರ ಅಂದ್ರು. ಎತ್ತರ ಮಾಡ್ತೀನಿ ಅಂದ್ರೆ ನಮ್ಮನೆಯೋಳು ಬ್ಯಾಡ ಅಂತಾಳೆ, ಹಾಕಿಸ್ಕಂಡು ಹೋಗಿ ತೋರಿಸ್ತೀನಿ, ಇದು ಅವಳ ಹಲಗೆ ಅಂದ್ರು."

ನಾನು ಆ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ ಕೂತೆ. ಕರಿಯಣ್ಣ ಗಾಡಿಯನ್ನು ಊರ ಕಡೆ ತಿರುಗಿಸಿದ. ಹಳ್ಳದಲ್ಲಿ ಕಿವಿಗೊಟ್ಟು ಕೂತಿದ್ದೆ. ಬಂಡೆ ತಾಗಲಿಲ್ಲ.

ಈಗಲೂ ಗುರುತಿಲ್ಲದವರನ್ನು ನಾನು ಬೇಗ ನಂಬುವುದಿಲ್ಲ. ಆದರೆ ಗಾಡಿಯ ಕೆಲಸವಿದ್ದರೆ ತಿಪ್ಪೇಸ್ವಾಮಿಯ ಬಳಿಗೇ ಕಳಿಸುತ್ತೇನೆ, ಬಣ್ಣ ಹಚ್ಚುವುದಿಲ್ಲ. ಮಂದೆ ನೋಡಲು ಹೋಗುವಾಗ ಗಾಡಿ ಓಡಿಸುವವನು ಕರಿಯಣ್ಣ. ನಾನು ಹತ್ತುವ ತನಕ ಅವನು ಮುಂದಿನ ರಸ್ತೆ ನೋಡುತ್ತಾ ಕೂತಿರುತ್ತಾನೆ. ಮೆಟ್ಟಿಲು ಗಟ್ಟಿಯಾಗಿದೆ, ಮಂಡಿ ಅಷ್ಟು ನೋಯುವುದಿಲ್ಲ. ಒಳಗಿನಿಂದ ಚಾಚುತ್ತಿದ್ದ ಎಡಗೈ ಇಲ್ಲ.