ಒಂದು ಪ್ಯಾಕೆಟ್ಟು, ಎರಡು ತಾರೀಖು
ಗುಂಡ್ಲುಪೇಟೆ, ೧೯೯೬. ಬಸ್ ನಿಲ್ದಾಣದ ಬಳಿಯ ಮೀನಂಗಡಿಯ ಮುಂದೆ ನಿಂತಿದ್ದಾಗ, ಹರವೆ ಹಳ್ಳಿಯ ಹೆಂಗಸೊಬ್ಬಳು ಹಿಮಗಟ್ಟಿಸಿದ ಸಿಗಡಿಯ ಪ್ಯಾಕೆಟ್ಟನ್ನು ನನ್ನ ಕೈಗಿತ್ತಳು.

"ಮಗಳು ಬಸುರಿ, ಇದೇ ಬೇಕು ಅಂತಾವಳೆ. ವಸಿ ಓದಿ ಯೋಳಿ ಸಾ, ಚೆನ್ನಾಗದಾ?"

ಮಂಗಳೂರಿನ ಕಾರ್ಖಾನೆಯೊಂದರಲ್ಲಿ ಇಂಥ ಪ್ಯಾಕೆಟ್ಟುಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ. ಇದರ ಮೇಲೆ ಪ್ಯಾಕ್ ಮಾಡಿದ ದಿನವೆಂದು ಅಚ್ಚಾಗಿದ್ದದ್ದು ಒಂದು ತಾರೀಖು. ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿದ್ದದ್ದು ಎರಡು ತಿಂಗಳು ಈಚಿನದು. ಯಾವುದನ್ನು ನಂಬುವುದು? ಮುಟ್ಟಿದರೆ ಕಲ್ಲಿನಂತಿತ್ತು, ವಾಸನೆಯೂ ಇರಲಿಲ್ಲ. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿದ್ದರೂ ಹೀಗೆಯೇ ಇರಬಹುದು.

"ಕೇರಳದ ಲಾರೀಲಿ ಬರೋ ಮಾಲು ಸಾರ್. ಎಲ್ಲರೂ ತಿಂತಾರೆ," ಎಂದ ಅಂಗಡಿಯವನು.

"ನನಗೆ ಗೊತ್ತಾಗ್ತಿಲ್ಲಮ್ಮ," ಎಂದೆ. ನಾಚಿಕೆಯಾಯಿತು.

ಅವಳು ಬೇಸರಿಸದೆ ಪ್ಯಾಕೆಟ್ಟನ್ನು ನನ್ನಿಂದ ತೆಗೆದುಕೊಂಡು ಅಂಗಡಿಯವನಿಗೆ ವಾಪಸು ಕೊಟ್ಟು, ತೊಟ್ಟಿಯಲ್ಲಿ ಒದ್ದಾಡುತ್ತಿದ್ದ ಕೆರೆ ಮೀನೊಂದನ್ನು ತೋರಿಸಿದಳು.

"ಬುಡಿ ಸಾ, ಇದಾದ್ರೆ ಉಸ್ರಾಡ್ತಾ ಅದೆ."

ಅವಳು ಅದನ್ನು ಕಟ್ಟಿಸಿಕೊಂಡು ಹೋದ ಮೇಲೆ, ಆ ಮೀನು ಯಾವ ಕೆರೆಯದು, ಆ ನೀರು ಎಂಥದ್ದು ಎಂದು ಅಂಗಡಿಯವನನ್ನು ಕೇಳಿದೆ. ಅವನು ತೊಟ್ಟಿಗೆ ಇನ್ನೊಂದು ಬಿಂದಿಗೆ ನೀರು ಸುರಿದ. ತಿರುಗಿದರೆ, ಹೊರಟಿದ್ದ ಚಾಮರಾಜನಗರದ ಬಸ್ಸಿನ ಕಿಟಕಿಯಿಂದ ಅವಳು ನನಗೆ ಕೈಮುಗಿಯುತ್ತಿದ್ದಳು.