ಹುರುಳಿ ಹಾಸಿದ ತಿರುವು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕೊಟ್ಟೂರಿನಿಂದ ಇಟ್ಟಿಗಿ ಕಡೆಯ ಒಂದು ಹಳ್ಳಿಯ ಶಾಲೆಗೆ ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಸುಗ್ಗಿ ಬಂತೆಂದರೆ ಆ ರಸ್ತೆಯೇ ಕಣ. ಕಿತ್ತು ತಂದ ಹುರುಳಿ ಗಿಡಗಳನ್ನು ಡಾಂಬರಿನ ಮೇಲೆ ಹಾಸುತ್ತಿದ್ದರು. ಬಸ್ಸು ಲಾರಿಗಳ ಗಾಲಿಗೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತಿತ್ತು. ಬಸ್ಸಿನವರು ಬೇಕೆಂದೇ ಅದರ ಮೇಲೆ ಹಾಯಿಸಿ, ಒಂದು ಹಾರ್ನ್ ಹೊಡೆದು ಹೋಗುತ್ತಿದ್ದರು. ಅದು ಅಲ್ಲಿಯ ಮರ್ಯಾದೆ. ತಪ್ಪಿಸಿ ಪಕ್ಕಕ್ಕೆ ಹೋಗುವವನು ಸೊಕ್ಕಿನವನು. ಯಾರೂ ಹಾಗೆ ಹೋಗದಿರಲೆಂದು ಅಂಚಿಗೆ ಸಾಲಾಗಿ ಕಲ್ಲು ಇಡುತ್ತಿದ್ದರು.

ನನ್ನ ಸ್ಕೂಟರಿನ ಸಣ್ಣ ಗಾಲಿ ಕಾಳಿನ ಮೇಲೆ ಜಾರುತ್ತಿತ್ತು. ಒಮ್ಮೆ ಬಿದ್ದ ಮೇಲೆ ಒಂದು ರೂಢಿ ಮಾಡಿಕೊಂಡೆ. ಊರ ಹತ್ತಿರದ ತಿರುವಿನಲ್ಲಿ ಒಬ್ಬ ಮುದುಕಿ ಹುರುಳಿ ಹಾಸುತ್ತಿದ್ದಳು. ಅವಳಿಗೆ ಎತ್ತುಗಳಿರಲಿಲ್ಲ, ಬೇರೆ ಕಣವಿರಲಿಲ್ಲ. ಅಲ್ಲಿ ಇಳಿದು, ಅಂಚಿನ ಒಂದು ಕಲ್ಲನ್ನು ಡಾಂಬರಿನ ಮೇಲಕ್ಕೆ ಉರುಳಿಸಿ, ಆ ಸಂದಿಯಲ್ಲಿ ಸ್ಕೂಟರ್ ತಳ್ಳಿಕೊಂಡು ದಾಟಿ, ಕಲ್ಲನ್ನು ಮತ್ತೆ ಅದರ ಜಾಗದಲ್ಲಿಟ್ಟು ಹೊರಡುತ್ತಿದ್ದೆ. ಮುದುಕಿ ನಗುತ್ತಿದ್ದಳು.

"ಏನ್ರೀ ಮೇಷ್ಟ್ರೇ, ಎರಡು ಗಾಲಿ ಮ್ಯಾಲೆ ಹಾಯಿಸಿದ್ರ ಸವದು ಹೋಕ್ಕಾವೇನ್ರಿ?"

"ಜಾರತೈತವ್ವ."

"ಜಾರೂದು ಗಾಡಿ ಅಲ್ರಿ, ನಿಮ್ಮ ಎದಿ."

ಒಂದು ದಿನ ಶಾಲೆಯ ತಪಾಸಣೆಗೆ ಅಧಿಕಾರಿ ಬರುವವರಿದ್ದರು. ನನಗೆ ತಡವಾಗಿತ್ತು. ಮುದುಕಿ ಇನ್ನೊಂದು ಹೊರೆ ತರಲು ಹೊಲಕ್ಕೆ ಹೋಗಿದ್ದಳು. ನಾನು ಉರುಳಿಸಿದ ಕಲ್ಲು ಹುರುಳಿ ಗಿಡಗಳೊಳಗೆ ಸೇರಿ ಕಾಣದಾಯಿತು. ಸ್ಕೂಟರ್ ದಾಟಿಸಿದೆ. ಕಲ್ಲು ತೆಗೆಯಲು ಹಿಂದಕ್ಕೆ ಹೋಗಲಿಲ್ಲ. ಮರೆತೆನೆಂದು ಹೇಳಲಾರೆ, ಹೊರಡುವಾಗ ಕನ್ನಡಿಯಲ್ಲಿ ಆ ಜಾಗವನ್ನು ಒಮ್ಮೆ ನೋಡಿದ್ದೆ.

ಎದುರಿನಿಂದ ಊರಿನ ದರ್ಜಿ ಮೋಟರ್ ಸೈಕಲ್ಲಿನಲ್ಲಿ ಬಂದ. ನಾನು ವೇಗ ತಗ್ಗಿಸಿ, ಎಡಕ್ಕೆ ಸರಿದು, ಅವನಿಗೆ ದಾರಿ ಬಿಟ್ಟೆ. ಅವನು ಕೈಯೆತ್ತಿ ನಮಸ್ಕರಿಸಿದ. ನಾನೂ ಕೈಯೆತ್ತಿದೆ. ಆಮೇಲೆ ಹಿಂದಿನಿಂದ ಸದ್ದು ಬಂತು.

ನಾನೇ ಮೊದಲು ಅವನನ್ನು ತಲುಪಿದೆ. ಬಲಗಾಲು ಎಂಜಿನ್ನಿಗೂ ಕಲ್ಲಿಗೂ ನಡುವೆ ಸಿಕ್ಕಿತ್ತು. ಪಾದ ಹಿಂದುಮುಂದಾಗಿತ್ತು.

"ಮೇಷ್ಟ್ರೇ, ಕಾಲು ಐತೇನ್ರಿ?"

"ಐತಿ," ಎಂದೆ.

ಜನ ಓಡಿಬಂದು ಅವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಕಳಿಸಿದರು. ಆಗ ಮುದುಕಿ ತಲೆಯ ಮೇಲೆ ಹೊರೆ ಹೊತ್ತು ಬಂದಳು. ಒಬ್ಬ ಹೊರೆಯನ್ನು ಜಗ್ಗಿ ಕೆಡವಿದ.

"ಏ ಮುದುಕಿ, ಕಲ್ಲು ನಡುವೆ ಇಟ್ಟು ಮಂದಿನ್ನ ಸಾಯಿಸ್ತೀಯೇನು?"

"ನಾ ದಂಡಿಗೇ ಇಟ್ಟಿದ್ನೋ ಯಪ್ಪಾ!"

"ಮತ್ತ ಕಲ್ಲಿಗೆ ಕಾಲು ಬಂದ್ವೇನು?"

ಕೆಲವರು ನಕ್ಕರು. ಒಬ್ಬ ಅವಳ ಕೆನ್ನೆಗೆ ಹೊಡೆದ. ಉಳಿದವರು ಹುರುಳಿಯನ್ನು ಬಾಚಿ ಬಾಚಿ ಜಾಲಿ ಮುಳ್ಳಿನ ಹಳ್ಳಕ್ಕೆ ಎಸೆದರು. ಅವಳು ಮುಳ್ಳಿನೊಳಗೆ ಕೈ ಹಾಕಿ ಗಿಡ ಎಳೆಯುತ್ತಿದ್ದಳು. ಒಂದು ಬಸ್ಸು ಬಂದು, ಎಲ್ಲರೂ ಸರಿಯುವತನಕ ತಾಳ್ಮೆಯಿಂದ ನಿಂತು, ಉಳಿದ ಕಾಳಿನ ಮೇಲೆ ಹಾಯಿಸಿ, ರೂಢಿಯಂತೆ ಹಾರ್ನ್ ಹೊಡೆದು ಹೋಯಿತು. ನಾನು ಸ್ಕೂಟರ್ ಚಾಲೂ ಮಾಡಿದೆ. ಶಾಲೆಗೆ ಹೋದೆ. ಅಧಿಕಾರಿ ಇನ್ನೂ ಬಂದಿರಲಿಲ್ಲ.

ದಾವಣಗೆರೆಯಲ್ಲಿ ದರ್ಜಿಯ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಊರ ಹಿರಿಯರು ಕೂತು, ಆ ಮುದುಕಿ ಇನ್ನು ರಸ್ತೆಯ ಮೇಲೆ ಏನೂ ಹಾಸಕೂಡದು ಎಂದರು. ಉಳಿದವರೆಲ್ಲ ಹಾಸುತ್ತಲೇ ಇದ್ದರು.

ಮುಂದಿನ ಸುಗ್ಗಿಯಲ್ಲಿ ಅವಳು ಮನೆಯ ಮುಂದೆ ಒಬ್ಬಳೇ ಕೂತು ಕೋಲಿನಿಂದ ಹುರುಳಿ ಬಡಿಯುತ್ತಿದ್ದಳು. ಎದುರಿನ ಕಟ್ಟೆಯ ಮೇಲೆ ನಾಲ್ಕು ಜನರಿದ್ದರು. ನನ್ನನ್ನು ಕಂಡವಳೇ ಎದ್ದು ಕೋಲು ಅಡ್ಡ ಹಿಡಿದು ನಿಲ್ಲಿಸಿದಳು. ನಾನು ಎಂಜಿನ್ ಆರಿಸಿದೆ. ಹಿರಿಯರೊಂದಿಗೆ ಮಾತಾಡುವಾಗ ಎಂಜಿನ್ ಆರಿಸುವುದು ನನ್ನ ಅಭ್ಯಾಸ.

"ಮೇಷ್ಟ್ರೇ, ನೀವು ದಿನಾ ಹಾಯ್ತಿದ್ರಿ. ನಾ ಯಾವತ್ತರ ಕಲ್ಲು ನಡುವೆ ಇಟ್ಟಿದ್ನೇನ್ರಿ? ನಿಮ್ಮ ಮಾತು ಊರು ಕೇಳತೈತಿ. ಒಂದ್ಸಾರಿ ಇವರ ಮುಂದ ಹೇಳ್ರಿ."

ಕಟ್ಟೆಯವರು ನನ್ನ ಮುಖ ನೋಡಿದರು.

"ನಾ ಗಾಡಿ ಹೊಡಿಯೋವಾಗ ಆ ಕಡಿ ಈ ಕಡಿ ನೋಡಂಗಿಲ್ಲವ್ವ," ಎಂದೆ.

"ಕೇಳಿದಿ ಏನು?" ಕಟ್ಟೆಯ ಮೇಲಿನವನೊಬ್ಬ ಅವಳಿಗೆ ಹೇಳಿದ. "ಗಾಡಿ ಹೊಡದ್ರ ಮೇಷ್ಟ್ರಂಗ ಹೊಡೀಬೇಕು."

ಮುದುಕಿ ಕೋಲು ಕೆಳಗಿಳಿಸಿ, ಪಕ್ಕಕ್ಕೆ ಸರಿದು, ನನಗೆ ದಾರಿ ಬಿಟ್ಟಳು.